ಮೂರು ಸಲ ಓದಿದ ಸಾಲು

ಬೆಡ್‌ಶೀಟಿನ ಎರಡು ಮೂಲೆ ಹಿಡಿದು ಅವಳು ಹಿಂದಕ್ಕೆ ಮೂರು ಹೆಜ್ಜೆ ಸರಿದಳು. ಉಳಿದೆರಡು ಮೂಲೆ ಹಿಡಿದ ಜೊತೆಗಾತಿ ಅತ್ತ ಮೂರು ಹೆಜ್ಜೆ ಸರಿದಳು. ಬಟ್ಟೆ ನಡುವೆ ಒಮ್ಮೆ ಪಟ್ಟನೆ ಬಿಗಿದು ಸಡಿಲವಾಯಿತು. ಆಮೇಲೆ ಇಬ್ಬರೂ ಹತ್ತಿರ ಬರಬೇಕು, ಜೊತೆಗಾತಿ ತನ್ನ ಮೂಲೆಗಳನ್ನು ಇವಳ ಬೆರಳ ಸಂದಿಗೆ ಸೇರಿಸಿ ಕೈ ಬಿಡಬೇಕು, ಬಗ್ಗಿ ಕೆಳಗಿನ ಮಡಿಕೆ ಎತ್ತಿಕೊಳ್ಳಬೇಕು, ಮತ್ತೆ ಸರಿಯಬೇಕು, ಮತ್ತೆ ಬರಬೇಕು. ಒಂದು ಬೆಡ್‌ಶೀಟಿಗೆ ಮೂರು ಸಲ ಹೋಗಿ ಬರುವುದು. ಈ ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಹದಿನಾರು ವರ್ಷದಿಂದ ಇಟ್ಟ ಹೆಜ್ಜೆಗಳನ್ನೆಲ್ಲ ಒಂದೇ ದಿಕ್ಕಿಗೆ ಇಟ್ಟಿದ್ದರೆ ಇಷ್ಟು ಹೊತ್ತಿಗೆ ಭೂಮಿ ಸುತ್ತಿ ಹಿಂಬಾಗಿಲಿಂದ ಒಳಗೆ ಬಂದಿರುತ್ತಿದ್ದೆ ಎಂದು ಅವಳು ಒಮ್ಮೆ ಫೋನಿನ ಗುಂಪಿನಲ್ಲಿ ಬರೆದಿದ್ದಳು. ಅದಕ್ಕೆ ಗುಂಪಿನಲ್ಲಿ ಲಿಫ್ಟು ಎಂದು ಹೆಸರಿಟ್ಟುಕೊಂಡವನು, ‘ನಾನು ಅಷ್ಟೇ ದೂರ ಮೇಲಕ್ಕೆ ಹೋಗಿದ್ರೆ ಚಂದ್ರನ ಮೇಲಿರ್ತಿದ್ದೆ ಇಸ್ತ್ರಿಯಮ್ಮ, ಆದ್ರೆ ಅಲ್ಲಿಗೂ ಒಂದು ಮಹಡಿ ಕೆಳಗೆ ಕೆಟ್ಟು ನಿಲ್ತಿತ್ತು’ ಎಂದು ಬರೆದಿದ್ದ. ಅದು ನೆನಪಾಗಿ ಈಗ ಅವಳಿಗೆ ನಗು ಬಂತು. ಬೆಳಗ್ಗೆಯಿಂದ ಹೀಗೇ, ಕಾರಣವಿರಲಿ ಇಲ್ಲದಿರಲಿ, ನಗು ಗಂಟಲ ತನಕ ಬಂದು ಕೂತಿತ್ತು. ಇವತ್ತು ಒಂದೂವರೆಗೆ. ಗೋಡೆಯ ಗಡಿಯಾರದಲ್ಲಿ ಇನ್ನೂ ಹನ್ನೊಂದೂ ಆಗಿಲ್ಲ. ದೊಡ್ಡ ಉರುಳೆಯ ಇಸ್ತ್ರಿ ಯಂತ್ರ ಬಿಸಿ ಬಟ್ಟೆಯನ್ನು ಉಗುಳುತ್ತಲೇ ಇತ್ತು, ಹಬೆ ಮುಖಕ್ಕೆ ಬಡಿಯುತ್ತಲೇ ಇತ್ತು, ಅವಳ ಎದೆ ಮಾತ್ರ ಯಂತ್ರದ ಲೆಕ್ಕ ಬಿಟ್ಟು ತನ್ನದೇ ಲೆಕ್ಕದಲ್ಲಿ ಹೊಡೆದುಕೊಳ್ಳುತ್ತಿತ್ತು. "ಏನೇ, ಮದುವೆ ಹೆಣ್ಣಿನ ಹಾಗೆ ಆಡ್ತಿದ್ದೀಯ? ಬಿಡೋ ಮೊದಲೇ ಎಳ್ಕೊಳ್ತೀಯಲ್ಲ, ನನ್ನ ಕೈ ಸುಟ್ಟೋಯ್ತು" ಎಂದಳು ಜೊತೆಗಾತಿ. "ಬಿಡಬೇಕಾದಾಗ ನೀನು ಬಿಡಲ್ಲ" ಎಂದಳು ಇವಳು. "ನಿನ್ನ ಕೈಗೆ ಸಿಕ್ಕಿದ್ದು ಗೊತ್ತಾಗ್ಬೇಕಲ್ಲ ಮಹಾರಾಯ್ತಿ!"

ಗುಂಪಿನ ಹೆಸರು ಕಾಲುನೋವು. ನಿಂತು ದುಡಿಯುವವರು ಪಾದಗಳನ್ನು ಹೇಗೆ ನೋಡಿಕೊಳ್ಳಬೇಕೆಂದು ಯಾರೋ ವೈದ್ಯರು ಬರೆದ ಪುಟವೊಂದು ಫೋನಿನಲ್ಲಿ ಕಣ್ಣಿಗೆ ಬಿದ್ದಿತ್ತು. ಅದರ ಕೆಳಗೆ ಜನ ತಮ್ಮ ತಮ್ಮ ಗೋಳು ಬರೆದುಕೊಂಡಿದ್ದರು. ಎಲ್ಲರೂ ಎದ್ದು ಹೋದ ಮೇಲೂ ಹರಟುತ್ತ ಉಳಿದುಬಿಟ್ಟವರು ನಾಲ್ಕು ಜನ. ಲಿಫ್ಟು, ಲಿಫ್ಟು ರಿಪೇರಿ ಮಾಡುವವನು. ಹಲ್ಲು, ಕಟ್ಟುಹಲ್ಲಿನ ಸೆಟ್ಟು ತಯಾರಿಸುವ ಹೆಂಗಸು. ಹಲೋ, ನೀರು ಕಾಯಿಸುವ ಯಂತ್ರದ ಕಂಪನಿಯಲ್ಲಿ ಕೂತು ಗಿರಾಕಿಗಳ ಬೈಗುಳಕ್ಕೆ ಫೋನಿನಲ್ಲಿ ಕಿವಿ ಕೊಡುವವನು; ಕೂತು ದುಡಿಯುವವನಿಗೆ ಕಾಲುನೋವಿನ ಪುಟದಲ್ಲೇನು ಕೆಲಸ ಎಂದರೆ ‘ಸೊಂಟನೋವಿನ ಪುಟದಲ್ಲಿ ಜಾಗ ಇರ್ಲಿಲ್ಲ’ ಎಂದಿದ್ದ. ನಾಲ್ಕನೆಯವಳು ಇವಳು, ಇಸ್ತ್ರಿ. ಐವತ್ತು ದಾಟಿದ್ದು ಗೊತ್ತಾದ ಮೇಲೆ ಇಸ್ತ್ರಿಯಮ್ಮ. ಯಾರೂ ಯಾರ ಮುಖವನ್ನೂ ನೋಡಿಲ್ಲ, ದನಿಯನ್ನೂ ಕೇಳಿಲ್ಲ. ಗುಂಪಿಗೆ ಇರುವುದು ಒಂದೇ ಕಟ್ಟಳೆ: ಕೆಲಸದ ಒಂದು ಗೋಳು ಹಾಕಿದರೆ ಅದರ ಬೆನ್ನಿಗೆ ಅವತ್ತಿನ ಒಂದು ಸಣ್ಣ ಖುಷಿಯನ್ನೂ ಹಾಕಬೇಕು, ಹಾಕದೆ ತಪ್ಪಿಸಿಕೊಂಡವರೊಡನೆ ಮರುದಿನದ ತನಕ ಯಾರೂ ಮಾತಾಡುವ ಹಾಗಿಲ್ಲ. ಖುಷಿ ಸಣ್ಣದೇ ಆಗಿರಬೇಕು, ಅಂಗೈಯಲ್ಲಿ ಹಿಡಿಯುವಷ್ಟು. ಕತ್ತಲೆಯ ಗೂಡಿನಲ್ಲಿ ಲಿಫ್ಟಿನ ತಲೆಯ ಮೇಲೆ ಕೂತಿದ್ದಾಗ, ಒಳಗೆ ತಾನೊಬ್ಬಳೇ ಎಂದುಕೊಂಡ ಯಾರೋ ಹೆಂಗಸು ಏಳನೆಯ ಮಹಡಿಯ ತನಕ ಹಾಡಿಕೊಂಡು ಹೋದದ್ದು. ಹೊಸ ಹಲ್ಲು ಹಾಕಿಕೊಂಡ ಮುದುಕ ಕನ್ನಡಿ ಕೇಳುವ ಬದಲು ಸೇಬು ಕೇಳಿದ್ದು. ಗಿರಾಕಿ ಬೈಯುತ್ತಿರುವಾಗ ತನ್ನ ಸದ್ದು ಅಡಗಿಸುವ ಗುಂಡಿ ಒತ್ತಿ ಗರಿಗರಿ ಬಿಸ್ಕತ್ತು ತಿಂದದ್ದು. ಇವಳು, ಉರುಳೆಯಿಂದ ಆಗತಾನೇ ಬಂದ ಬೆಡ್‌ಶೀಟಿಗೆ ಯಾರೂ ನೋಡದಾಗ ಮುಖ ಒತ್ತಿದ್ದು. ಇಂಥವು ಮೂರು ವರ್ಷ ತುಂಬುವಷ್ಟು. ದನಿಯಲ್ಲಿ ಮಾತಾಡೋಣ ಎಂದು ಲಿಫ್ಟು ಕೇಳಿದಾಗಲೆಲ್ಲ ಹಲೋ, ‘ಬೇಡಪ್ಪ, ದಿನವಿಡೀ ಅದೇ ಮಾಡ್ತೀನಿ, ಇಲ್ಲಾದ್ರೂ ನನ್ನ ಗಂಟಲಿಗೆ ರಜೆ ಕೊಡಿ’ ಎನ್ನುತ್ತಿದ್ದ. ಅದೇ ಹಲೋ ಹೋದ ವಾರ ತಾನಾಗಿ ಬರೆದ: ‘ಬುಧವಾರ ನಮ್ಮ ಕಾಲುನೋವಿಗೆ ಮೂರು ವರ್ಷ. ಒಂದೂವರೆಗೆ ಎಲ್ರಿಗೂ ಊಟದ ಬಿಡುವು ಇದೆ. ನಾಲ್ಕೂ ಜನ ದನಿಯಲ್ಲಿ ಸೇರೋಣ. ಒಬ್ಬೊಬ್ರು ತಮ್ಮ ಅತಿ ದೊಡ್ಡ ಸಣ್ಣ ಖುಷಿ ಹೇಳ್ಬೇಕು.’ ಹಲ್ಲು ತಕ್ಷಣ ಸೇರಿಸಿದಳು: ‘ಇಸ್ತ್ರಿಯಮ್ಮ ಅಕ್ಕನ ಕಾಗದ ಓದ್ಬೇಕು. ಅದೇ ಕೊನೇಗೆ. ಅದಕ್ಕಿಂತ ದೊಡ್ಡದು ನಮ್ಮ ಹತ್ರ ಯಾವುದೂ ಇಲ್ಲ.’

ಅಕ್ಕನ ಕಾಗದ ಅವಳ ಏಪ್ರನ್ನಿನ ಜೇಬಿನಲ್ಲಿತ್ತು. ಬಗ್ಗಿದಾಗಲೆಲ್ಲ ಅದರ ಮಡಿಕೆ ಹೊಟ್ಟೆಗೆ ಒತ್ತುತ್ತಿತ್ತು. ಅದನ್ನು ಬರೆದವಳು ಅವಳೇ. ನಿನ್ನೆ ಸಂಜೆ, ಅಡುಗೆಮನೆಯ ಮೇಜಿನ ಮೇಲೆ, ಓದುವಾಗ ಹಾಳೆ ಸರಸರ ಸದ್ದು ಮಾಡದಿದ್ದರೆ ಅವರಿಗೆ ಅನುಮಾನ ಬಂದೀತೆಂದು ನಿಜವಾದ ಹಾಳೆಯ ಮೇಲೆ ನಿಜವಾದ ಪೆನ್ನಿನಲ್ಲಿ. ಫೋನಿನ ಆಚೆ ಇರುವವರಿಗೆ ಅಕ್ಷರ ಕಾಣುವುದಿಲ್ಲ ಎಂಬುದು ಗೊತ್ತಿದ್ದೂ ಅಕ್ಕನ ಹಾಗೆ ದಪ್ಪ ದಪ್ಪಗೆ, ಒತ್ತಿ ಒತ್ತಿ ಬರೆದಿದ್ದಳು. ಹಾಗೆ ಬರೆಯುವಾಗ ಕೈ ತಾನಾಗಿ ಅಕ್ಕನ ಕೈಯಾದಂತೆ ಅನ್ನಿಸಿ ಮೈ ಜುಮ್ಮೆಂದಿತ್ತು, ಆ ಗಳಿಗೆಯ ಮಟ್ಟಿಗೆ ಅಕ್ಕ ಅದೇ ಅಡುಗೆಮನೆಯಲ್ಲಿ ಕೂತು ತನಗೆ ಕಾಗದ ಬರೆಯುತ್ತಿದ್ದಳು. ಸುಳ್ಳು ಹುಟ್ಟಿದ್ದು ಹೋದ ವರ್ಷ. ಅವತ್ತು ಉರುಳೆಗೆ ಮೂರು ಬೆಡ್‌ಶೀಟು ಸುತ್ತಿಕೊಂಡು ಸುಟ್ಟ ವಾಸನೆ ಎದ್ದು, ಮೇಲ್ವಿಚಾರಕ ಎಲ್ಲರೆದುರು, ‘ಕಣ್ಣು ಕಾಣದಿದ್ರೆ ಮನೇಲಿರಿ, ನಿಮ್ಮನ್ನ ಕಾಯೋಕೆ ಇನ್ನೊಬ್ಬರನ್ನ ಇಟ್ಕೊಳ್ಳೋಕಾಗಲ್ಲ’ ಎಂದಿದ್ದ. ಬಚ್ಚಲಿನಲ್ಲಿ ನಿಂತು ಗೋಳನ್ನು ಬರೆದು ಹಾಕಿದಳು. ಆಮೇಲೆ ಖುಷಿ ಹಾಕಬೇಕಲ್ಲ. ಇಡೀ ದಿನವನ್ನು ಜೇಬಿನ ಹಾಗೆ ಒಳಹೊರಗೆ ಮಾಡಿ ಕೊಡವಿದರೂ ಒಂದು ಚೂರು ಉದುರಲಿಲ್ಲ. ಆ ದಿನ ಮಾತ್ರ ಯಾರೂ ತನ್ನೊಡನೆ ಮಾತು ನಿಲ್ಲಿಸುವುದನ್ನು ತಾಳಲಾರೆ ಅನ್ನಿಸಿತು. ಬೆರಳು ಬರೆದುಬಿಟ್ಟಿತು: ‘ಇವತ್ತು ನಮ್ಮಕ್ಕನಿಗೆ ಕಾಗದ ಹಾಕಿದೆ. ಆರು ವರ್ಷ ಮಾತು ಬಿಟ್ಟಿದ್ವಿ.’ ಲಿಫ್ಟು ಚಪ್ಪಾಳೆಯ ಮೇಲೆ ಚಪ್ಪಾಳೆ ಕಳಿಸಿದ. ಹಲೋ, ‘ನಿಮ್ಮ ಕರೆ ನಮಗೆ ಅಮೂಲ್ಯ’ ಎಂದು ಬರೆದು ಕೆಳಗೆ, ‘ತಮಾಷೆ ಅಲ್ಲ, ನಿಜವಾಗಿ’ ಎಂದ. ಹಲ್ಲು ಎರಡು ದಿನ ಏನೂ ಬರೆಯಲಿಲ್ಲ. ಮೂರನೆಯ ದಿನ, ತಾನೂ ತನ್ನ ತಮ್ಮನಿಗೆ ಫೋನು ಮಾಡಿದೆ, ಒಂಬತ್ತು ವರ್ಷದ ಮೇಲೆ, ಎಂದು ಬರೆದಳು. ಅಲ್ಲಿಗೆ ಬಾಗಿಲು ಮುಚ್ಚಿತು. ಇನ್ನು ಇಲ್ಲವೆನ್ನುವುದು ಹೇಗೆ? ‘ಅಕ್ಕ ಉತ್ತರ ಬರೆದ್ರಾ?’ ದಿನಕ್ಕೊಬ್ಬರು. ಇಪ್ಪತ್ತನೆಯ ದಿನ ಅಕ್ಕ ಉತ್ತರ ಬರೆದಳು. ಆಮೇಲೆ ಇನ್ನೂ ಮೂರು ಸಲ ಬರೆದಳು.

ಕಾಗದ ಹಾಕಿದೆ ಎಂದದ್ದು ಪೂರ್ತಿ ಸುಳ್ಳೂ ಅಲ್ಲ, ಅರ್ಧ ಕಾಗದ ಇತ್ತು. ಲಾಂಡ್ರಿಯ ಕಪಾಟಿನೊಳಗೆ, ಚಪ್ಪಲಿಯ ಮೇಲಿನ ಹಲಗೆಯ ಮೇಲೆ, ಅಂಚೆಚೀಟಿ ಅಂಟಿಸಿ ವಿಳಾಸ ಬರೆದ ಲಕೋಟೆ ಏಳು ವರ್ಷದಿಂದ ಇತ್ತು. ಅಕ್ಕ ಬೇರೆ ಊರಿನ ಹುಡುಗಿಯರ ಹಾಸ್ಟೆಲಿನಲ್ಲಿ ಅಡುಗೆಗೆ ಸೇರಿದ್ದಾಳೆಂದು ಚಿಕ್ಕಪ್ಪನ ಮಗಳು ಹೇಳಿ ವಿಳಾಸ ಕೊಟ್ಟ ದಿನವೇ ಬರೆದದ್ದು. ಸಂಜೆಶಾಲೆಯಲ್ಲಿ ಕಲಿಸಿದ್ದೇ ಹಾಗೆ, ಮೊದಲು ವಿಳಾಸ ಬರೆದುಕೊಳ್ಳಿ, ಆಗ ಯಾರಿಗೆ ಬರೆಯುತ್ತಿದ್ದೇವೆಂಬುದು ಮನಸ್ಸಿನಲ್ಲಿ ನಿಲ್ಲುತ್ತದೆ ಎಂದು. ವಿಳಾಸ ನಿಂತಿತು. ಒಳಗೆ ಹಾಕಲು ಏನೂ ಬರಲಿಲ್ಲ. ಸಂಜೆಶಾಲೆಗೆ ಹೋಗೋಣ ಎಂದವಳು ಅಕ್ಕನೇ. ಅವ್ವ ಸತ್ತ ಮೇಲೆ ತಂಗಿಯ ಜಡೆ ಹೆಣೆದವಳು, ತಂಗಿಗೆ ಜ್ವರ ಬಂದರೆ ತಾನೂ ಊಟ ಬಿಟ್ಟವಳು, ಐವತ್ತರ ಹೊಸ್ತಿಲಲ್ಲಿ ನಿಂತು, ‘ಬಾರೇ, ಬಸ್ಸಿನ ಹೆಸರು ಇನ್ನೊಬ್ಬರನ್ನ ಕೇಳೋದು ಸಾಕು’ ಎಂದು ಕೈ ಹಿಡಿದು ಕರೆದುಕೊಂಡು ಹೋದವಳು. ಸಣ್ಣ ಮಕ್ಕಳ ಬೆಂಚು, ಮೊಣಕಾಲು ತುರುಕಲಾಗದ ಬೆಂಚು, ಮೇಲೆ ಒಂದು ಟ್ಯೂಬು ಲೈಟು ಪಿಳಿಪಿಳಿ. ತಂಗಿಗೆ ಅಕ್ಷರ ಬೇಗ ಒಲಿದವು. ಅಕ್ಕ ಒಂದೊಂದನ್ನೂ ಕಲ್ಲು ಎತ್ತಿದ ಹಾಗೆ ಎತ್ತುತ್ತಿದ್ದಳು. ಒಂದು ಸಂಜೆ ಅಕ್ಕ ಮೊದಲ ಸಲ ಎದ್ದು ನಿಂತು ಗಟ್ಟಿಯಾಗಿ ಓದಿದಳು, ಸಾಲಿನ ಕೆಳಗೆ ತೋರುಬೆರಳಿಟ್ಟು: ದೋಣಿ ದಡಕ್ಕೆ ಬಂತು. ಓದಿದ ಸಂತೋಷಕ್ಕೆ ಮುಖ ಎತ್ತಿ ಎಲ್ಲರನ್ನೂ ನೋಡಿದಳು. ಮತ್ತೆ ತಲೆ ತಗ್ಗಿಸುವಷ್ಟರಲ್ಲಿ ಬೆರಳು ಜಾರಿ ಅದೇ ಸಾಲಿಗೆ ಬಂದಿತ್ತು. ದೋಣಿ ದಡಕ್ಕೆ ಬಂತು. ಮತ್ತೆ ನೋಡಿದಳು, ಮತ್ತೆ ತಗ್ಗಿದಳು. ದೋಣಿ ದಡಕ್ಕೆ ಬಂತು. ಅದೇ ಗಾಂಭೀರ್ಯ, ಅದೇ ಸಂತೋಷ, ಆಗತಾನೇ ಹೊಸದಾಗಿ ಬಂದ ದೋಣಿ ಅನ್ನುವ ಹಾಗೆ. ತಂಗಿಯ ಬಾಯಿಯೇ ಮೊದಲು ತೆರೆಯಿತು: ‘ಅಕ್ಕಾ, ಇನ್ನೂ ಎಷ್ಟು ದೋಣಿ ಬರೋದಿದೆ?’ ಕೋಣೆಗೆ ಕೋಣೆ ಬಿದ್ದು ಬಿದ್ದು ನಕ್ಕಿತು. ಗುರುಗಳೂ ಮೀಸೆಯ ಮರೆಯಲ್ಲಿ ನಕ್ಕರು. ಅಕ್ಕ ಪುಸ್ತಕ ಮುಚ್ಚಿ, ಅದರ ಅಂಚನ್ನು ಬೆಂಚಿನ ಅಂಚಿಗೆ ಸರಿಯಾಗಿ ಹೊಂದಿಸಿಟ್ಟು, ಹೊರಗೆ ಹೋದಳು. ಬೈಯಲಿಲ್ಲ. ಮನೆಯಲ್ಲೂ ಬೈಯಲಿಲ್ಲ, ಮಾತೇ ಬಿಟ್ಟಳು, ಆಮೇಲೆ ಊರನ್ನೂ ಬಿಟ್ಟಳು. ಬೈದಿದ್ದರೆ ಇವಳೂ ಒಂದು ಮಾತು ಆಡಿ, ಇಬ್ಬರೂ ಅತ್ತು, ಮುಗಿದುಹೋಗುತ್ತಿತ್ತು.

"ಇದು ಯಾರ ಕೈಚಳಕ?" ಮೇಲ್ವಿಚಾರಕನ ದನಿ. ಅವನ ಕೈಯಲ್ಲಿ ಇಪ್ಪತ್ತು ಬೆಡ್‌ಶೀಟಿನ ಒಂದು ಕಟ್ಟು. ಆಸ್ಪತ್ರೆಯ ನೀಲಿ ಮುದ್ರೆ ಮಡಿಕೆಯ ಮೇಲೆ ಬಲಮೂಲೆಯಲ್ಲಿ ಕಾಣಬೇಕು. ಇಪ್ಪತ್ತಕ್ಕೆ ಇಪ್ಪತ್ತರಲ್ಲೂ ಅದು ಒಳಗೆ ಅವಿತು ಕೂತಿತ್ತು. ಹದಿನಾರು ವರ್ಷದಲ್ಲಿ ಅವಳು ಇಂಥ ತಪ್ಪು ಮಾಡಿರಲಿಲ್ಲ. "ನಂದೇ ಸಾರ್" ಎಂದಳು, ಮತ್ತೆ ಯಾಕೋ ನಗು ನುಗ್ಗಿತು. ಅವನು ಕಟ್ಟನ್ನು ಮೇಜಿನ ಮೇಲಿಟ್ಟ. ಬೈಗುಳಕ್ಕೆ ಮುಖ ಕಪ್ಪಿಡುವುದನ್ನು ಕಂಡಿದ್ದ, ಅಳುವುದನ್ನು ಕಂಡಿದ್ದ, ಇದನ್ನು ಕಂಡಿರಲಿಲ್ಲ. "ಏನ್ರೀ, ಹುಷಾರಾಗಿದ್ದೀರಾ?" ಎಂದ, ಅಧಿಕಾರವೆಲ್ಲ ಇಳಿದುಹೋದ ದನಿಯಲ್ಲಿ. "ಹುಷಾರಾಗಿದ್ದೀನಿ ಸಾರ್, ಮತ್ತೆ ಮಡಚ್ತೀನಿ." ಮಡಚಿದಳು. ಒಂದೊಂದು ಮುದ್ರೆಯೂ ಹೊರಗೆ ಬರುವಾಗ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಓದಿಬಿಡುತ್ತೇನೆ, ಚೆನ್ನಾಗಿ ಓದುತ್ತೇನೆ, ಅವರಿಗೂ ಖುಷಿ, ನನಗೂ ಖುಷಿ, ಯಾರಿಗೇನು ನಷ್ಟ? ಹಲ್ಲಿನ ತಮ್ಮ ನಿಜವಾಗಿ ಬಂದು ಹೋದನಂತೆ. ಸುಳ್ಳಿನ ದಾರದಲ್ಲೂ ಗುಂಡಿ ನಿಲ್ಲುತ್ತದಲ್ಲ! ಹೀಗೆ ಅಂದುಕೊಂಡಾಗ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ, ಮೂರು ಹೆಜ್ಜೆಯ ಜಾಗದಲ್ಲಿ ನಾಲ್ಕು ಹೆಜ್ಜೆ ಸರಿದು ಜೊತೆಗಾತಿಯ ಕೈಯಿಂದ ಬಟ್ಟೆ ಕಿತ್ತುಕೊಂಡು ಬರುತ್ತಿತ್ತು. ಮರುಗಳಿಗೆಯೇ, ಓದಿದ ಮೇಲೆ ಅವರು ಏನಾದರೂ ಕೇಳಿದರೆ? ‘ಅಕ್ಕನನ್ನೂ ಒಂದಿನ ಕರೀರಿ, ದನಿ ಕೇಳೋಣ’ ಎಂದರೆ? ಸಾಯಿಸಲೂ ಆಗದ, ಬದುಕಿಸಲೂ ಆಗದ ಇನ್ನೊಬ್ಬ ಅಕ್ಕನನ್ನು ತಾನು ಹೆತ್ತು ಕೂತಿದ್ದೇನೆ ಅನ್ನಿಸಿತು. ಗಡಿಯಾರ ಒಂದೂ ಇಪ್ಪತ್ತೈದು ತೋರಿಸಿತು.

ಒಗೆದ ಬಟ್ಟೆ ಜೋಡಿಸಿಡುವ ಕೋಣೆಯಲ್ಲಿ ಸದ್ದಿರುವುದಿಲ್ಲ. ನೆಲದಿಂದ ಸೂರಿನ ತನಕ ಮಡಚಿದ ಬಿಳಿ ಬಟ್ಟೆಯ ಗೋಡೆ. ಮಾತಾಡಿದರೆ ಮಾತನ್ನು ಬಟ್ಟೆಯೇ ಕುಡಿದುಬಿಡುತ್ತದೆ. ಅವಳು ಬಾಗಿಲು ಮುಂದೆ ಮಾಡಿ, ದಿಂಬಿನ ಚೀಲಗಳ ರಾಶಿಯ ಮೇಲೆ ಕೂತು, ಫೋನನ್ನು ಎದುರಿನ ಬಟ್ಟೆಯ ರಾಶಿಗೆ ಒರಗಿಸಿಟ್ಟಳು. ಕರೆ ಬಂತು. ಒತ್ತಿದಳು. ಮೊದಲಿಗೆ ನಾಲ್ಕು ಜನ ಉಸಿರಾಡುವ ಸದ್ದು ಬಿಟ್ಟರೆ ಏನಿಲ್ಲ. ಮೂರು ವರ್ಷ ಒಬ್ಬರನ್ನೊಬ್ಬರು ಬಾಯಿ ಮುಚ್ಚಲು ಬಿಡದ ನಾಲ್ಕು ಜನ!

"ನಮಸ್ಕಾರ, ನಾನು ನಿಮಗೆ ಹೇಗೆ ಸಹಾಯ..." ಎಂದು ಶುರುಮಾಡಿದ ಗಂಡು ದನಿ ಅಲ್ಲಿಗೇ ನಿಂತಿತು. "ಅಯ್ಯಯ್ಯೋ."

ನಾಲ್ಕೂ ಕಡೆಯಿಂದ ನಗು ಒಡೆಯಿತು. "ಹಲೋ! ಇದು ನೀವೇನಾ?" ಎಂದು ಕಿರುಚಿದ ದನಿ ಎಳೆಯ ಹುಡುಗಿಯದೇ ಅನ್ನುವ ಹಾಗಿತ್ತು.

"ಹಲ್ಲು, ನಿಮ್ಮ ದನಿ ಎಷ್ಟು ಚೆನ್ನಾಗಿದೆ" ಎಂದಳು ಇವಳು.

"ನಾನು ಹಲ್ಲಲ್ಲ ಇಸ್ತ್ರಿಯಮ್ಮ, ನಾನು ಲಿಫ್ಟು" ಎಂದಿತು ಆ ದನಿ, ಅವಮಾನದಿಂದ. "ನನ್ನ ದನೀನೇ ಹೀಗೆ. ಮದುವೆಯಾಗಿ ಎರಡು ಮಕ್ಕಳಿದ್ದಾರೆ."

"ಹಲ್ಲು ನಾನು" ಎಂದಿತು ಬಾವಿಯ ತಳದಿಂದ ಎದ್ದು ಬಂದಂಥ ದಪ್ಪ ದನಿ. "ಬೇಕಾದ್ರೆ ಇಬ್ರೂ ಅದಲುಬದಲು ಮಾಡ್ಕೊಳ್ತೀವಿ ಬಿಡಿ." ಇವಳು ನಕ್ಕು ನಕ್ಕು ದಿಂಬಿನ ಚೀಲಗಳ ಮೇಲಿಂದ ಜಾರಿದಳು. ಮೂರು ವರ್ಷ ಮನಸ್ಸಿನಲ್ಲಿ ಹಲ್ಲಿಗೆ ತೆಳ್ಳನೆಯ ದನಿ ಕೊಟ್ಟಿದ್ದಳು, ಲಿಫ್ಟಿಗೆ ಮೀಸೆ ಕೊಟ್ಟಿದ್ದಳು. ಎಲ್ಲ ತಪ್ಪು, ಆದರೂ ಅವರೇ, ಕತ್ತಲೆಯಲ್ಲಿ ಮುಟ್ಟಿದರೂ ಗುರುತು ಸಿಗುವಷ್ಟು ಅವರೇ. ಹಲೋ ತನ್ನ ಅತಿ ದೊಡ್ಡ ಸಣ್ಣ ಖುಷಿ ಹೇಳಿದ: ಇಪ್ಪತ್ತು ನಿಮಿಷ ಬೈದ ಅಜ್ಜಿಯೊಬ್ಬಳು ಕೊನೆಗೆ, ‘ಊಟ ಮಾಡಿದ್ಯೇನಪ್ಪ?’ ಎಂದು ಕೇಳಿ ಇಟ್ಟಳಂತೆ. ಲಿಫ್ಟು, ಕೆಟ್ಟು ನಿಂತ ಲಿಫ್ಟಿನಿಂದ ಬಿಡಿಸಿಕೊಂಡ ಗಂಡಹೆಂಡತಿ ಹೊರಗೆ ಬಂದವರೇ ಜಗಳ ಎಲ್ಲಿಗೆ ನಿಂತಿತ್ತೋ ಅಲ್ಲಿಂದ ಮುಂದುವರಿಸಿದ್ದನ್ನು ಹೇಳಿದ. "ಆದ್ರೆ ಇಬ್ರೂ ಕೈ ಹಿಡ್ಕೊಂಡೇ ಇದ್ರು" ಎಂದು ಸೇರಿಸಿದ. ಹಲ್ಲು, ತಮ್ಮ ಮನೆಗೆ ಬಂದು ಏನೂ ಮಾತಾಡದೆ ಸೋರುವ ನಲ್ಲಿ ಸರಿಮಾಡಿ ಹೋದದ್ದನ್ನು ಹೇಳಿದಳು. "ಈಗ ಅದು ಸೋರಲ್ಲ. ಸುಮ್ನೆ ಹೋಗಿ ತಿರುಗಿಸಿ ನೋಡ್ತೀನಿ. ನಿಮ್ಮಿಂದ ಆಗಿದ್ದು ಇಸ್ತ್ರಿಯಮ್ಮ. ಹೂಂ, ಓದಿ ಈಗ."

ಹಾಳೆ ಬಿಡಿಸಿದಳು. ನಿಜವಾದ ಹಾಳೆ ಸರಸರ ಅಂದಿತು. ಕನ್ನಡಕ ಹಬೆಗೆ ಮಸುಕಾಗಿತ್ತು, ಏಪ್ರನ್ನಿಗೆ ಒರೆಸಿ ಹಾಕಿಕೊಂಡಳು. ಸಾಲಿನ ಕೆಳಗೆ ತೋರುಬೆರಳಿಟ್ಟಳು. ಓದಲು ಕಲಿತು ಎಂಟು ವರ್ಷವಾದರೂ ಬೆರಳಿಲ್ಲದೆ ಓದಲು ಅವಳಿಗೂ ಬರುತ್ತಿರಲಿಲ್ಲ, ಇದನ್ನು ಯಾರಿಗೂ ಹೇಳಿರಲಿಲ್ಲ. "ನಿನ್ನ ಕಾಗದ ಬಂತು ಕಣೇ" ಎಂದು ಓದಿದಳು. ತನ್ನ ದನಿ ಆ ಬಿಳಿ ಗೋಡೆಗಳ ನಡುವೆ ಅಪರಿಚಿತವಾಗಿ, ಸ್ವಲ್ಪ ಅಕ್ಕನ ದನಿಯ ಹಾಗೆ ಕೇಳಿಸಿತು. ಆಚೆಯ ಮೂರು ಕಿವಿ ತನ್ನ ಬಾಯಿಗೇ ಅಂಟಿಕೊಂಡಂತಿತ್ತು. ಎಷ್ಟು ಸಂತೋಷವಾಯಿತೆಂದರೆ ಅವಳು ತಲೆಯೆತ್ತಿ ಫೋನನ್ನು ನೋಡಿದಳು. ತಗ್ಗಿಸಿದಳು. "ನಿನ್ನ ಕಾಗದ ಬಂತು ಕಣೇ" ಎಂದು ಓದಿದಳು. ಏನೋ ತಪ್ಪಿದಂತೆನಿಸಿ ಬೆರಳನ್ನು ಕೆಳಗೆ ಸರಿಸಹೋದಳು; ಬೆರಳು ಬೆವೆತು ಜಾರಿತು. "ನಿನ್ನ ಕಾಗದ ಬಂತು ಕಣೇ." ಆಗ ತಿಳಿಯಿತು. ಈಗ ನಗುತ್ತಾರೆ, ಕಾದು ಕೂತಳು. ಯಾರು ಮೊದಲು? ಹಲೋ? ಇನ್ನೂ ಎಷ್ಟು ಕಾಗದ ಬರೋದಿದೆ ಅನ್ನುತ್ತಾನೆ. ಅನ್ನಲಿ. ಅನ್ನಬೇಕು.

ಯಾರೂ ನಗಲಿಲ್ಲ. ಹಲ್ಲು ಮೂಗು ಸೇದಿಕೊಂಡ ಸದ್ದು ಬಂತು. "ಮೂರು ಸಲ ಬರೆದಿದ್ದಾರಾ ಅದನ್ನ?" ಎಂದಳು ಆ ದಪ್ಪ ದನಿಯಲ್ಲಿ. "ಅಯ್ಯೋ ಪಾಪ. ಎಷ್ಟು ಕಾದಿದ್ರೋ ಏನೋ."

"ನಂಬಿಕೆ ಬರೋಕೆ ಒಂದು ಸಲ ಸಾಲಲ್ಲ" ಎಂದ ಲಿಫ್ಟು ತನ್ನ ಎಳೆಯ ದನಿಯಲ್ಲಿ.

ಅವಳು ಹಾಳೆ ಕೆಳಗಿಟ್ಟಳು. ಬಿಳಿ ಬಟ್ಟೆಯ ರಾಶಿಗಳು ಬಲಮೂಲೆಯ ನೀಲಿ ಮುದ್ರೆಗಳನ್ನೆಲ್ಲ ಹೊರಗೆ ಮಾಡಿಕೊಂಡು ಅವಳನ್ನೇ ನೋಡುತ್ತಿದ್ದವು. "ಬರೆದಿದ್ದು ಅಕ್ಕ ಅಲ್ಲ" ಎಂದಳು. "ನಾನು. ನಾನು ಅಕ್ಕನಿಗೆ ಕಾಗದ ಹಾಕೇ ಇಲ್ಲ. ಅವತ್ತು ಬೈಸ್ಕೊಂಡಿದ್ದೆ, ಖುಷಿ ಒಂದೂ ಇರ್ಲಿಲ್ಲ, ಸುಳ್ಳು ಹಾಕ್ಬಿಟ್ಟೆ. ಉತ್ತರ ಎಲ್ಲಾ ನಾನೇ ಬರೆದಿದ್ದು." ಆಮೇಲೆ ದೋಣಿಯ ಕತೆ ಹೇಳಿದಳು, ನಿಲ್ಲಿಸದೆ, ಒಂದೇ ಉಸಿರಿಗೆ, ತಾನು ಆಡಿದ ಮಾತನ್ನೂ ಬಿಡದೆ. ಏಳು ವರ್ಷದಲ್ಲಿ ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಅದು ಇಷ್ಟೇ ಇಷ್ಟು ಮಾತು, ಐದು ಪದ.

"ಲೈನಿನಲ್ಲಿದ್ದೀರಾ?" ಎಂದ ಹಲೋ, ಯಾರನ್ನು ಕೇಳಿದನೋ.

"ನಾನಿದ್ದೀನಿ" ಎಂದಳು ಹಲ್ಲು. ದನಿಯಲ್ಲಿ ಸಿಟ್ಟು ಕಟ್ಟಿಕೊಂಡಿತ್ತು. "ಇಸ್ತ್ರಿಯಮ್ಮ, ನಿಮ್ಮನ್ನ ನಂಬಿ ನಾನು ಫೋನು ಮಾಡ್ದೆ. ನಿಮ್ಮಂಥವರೇ ಮಾಡಿದ್ದಾರೆ, ನನಗೇನು ದಾಡಿ ಅಂದ್ಕೊಂಡು ಮಾಡ್ದೆ. ಅವನು ಎತ್ತದೇ ಇದ್ದಿದ್ರೆ? ಬೈದಿದ್ರೆ? ನೀವು ಮಾತ್ರ ಬೆಚ್ಚಗೆ ಕೂತ್ಕೊಂಡು ನಿಮಗೆ ನೀವೇ ಉತ್ತರ ಬರ್ಕೊಳ್ತಿದ್ರಾ?"

"ಹೌದು" ಎಂದಳು ಇವಳು.

"ನಾಚಿಕೆ ಆಗಲ್ವಾ?"

"ಆಗತ್ತೆ."

"ಆಗ್ಲಿ" ಎಂದಳು ಹಲ್ಲು. ಆಮೇಲೆ ಅದೇ ಸಿಟ್ಟಿನಲ್ಲಿ, "ನಲ್ಲಿ ಮಾತ್ರ ನಿಜವಾಗ್ಲೂ ಸೋರ್ತಿಲ್ಲ, ಏನ್ಮಾಡ್ಲಿ!" ಎಂದು ಬಿಟ್ಟಳು. ಲಿಫ್ಟು ತಡೆಯಲಾರದೆ ಫಕ್ಕೆಂದ. ಹಲ್ಲು, "ನಗ್ಬೇಡಿ ನೀವು, ನಾನಿನ್ನೂ ಸಿಟ್ಟಲ್ಲಿದ್ದೀನಿ" ಎಂದು ತಾನೂ ನಕ್ಕಳು, ಅತ್ತಳು, ಯಾವುದು ಯಾವುದೆಂದು ತಿಳಿಯಲಿಲ್ಲ.

"ಕಟ್ಟಳೆ ಕಟ್ಟಳೆಯೇ" ಎಂದ ಲಿಫ್ಟು. "ಹೋದ ವರ್ಷ ಗೋಳು ಹಾಕಿ ಖುಷಿ ಹಾಕಿಲ್ಲ ನೀವು. ಇವತ್ತು ಹಾಕಿ. ಹಾಕೋ ತನಕ ನಾವು ಮೂವರೂ ಮಾತಾಡಲ್ಲ."

"ಸಂಜೆ ತನಕ ಕಾಯಕ್ಕಾಗಲ್ಲ" ಎಂದ ಹಲೋ. "ನನಗೆ ಈಗ್ಲೇ ಎದೆ ಹೊಡ್ಕೊಳ್ತಿದೆ. ನಿಮ್ಮಲ್ಲಿ ಅಂಚೆ ಡಬ್ಬ ಎಷ್ಟು ಹೊತ್ತಿಗೆ ತೆಗೀತಾರೆ?"

"ಮೂರಕ್ಕೆ. ಮುಂದಿನ ಗೇಟಲ್ಲಿ." ಹೇಳಿದಳು, ಹೇಳಿದ ಕೂಡಲೇ ಅವಳ ಕಾಲು ಎದ್ದು ನಿಂತಿತ್ತು.

"ಹಾಗಿದ್ರೆ ಇಡ್ತೀನಿ. ನಿಮ್ಮ ಕರೆಗೆ ಧನ್ಯವಾದ" ಎಂದ ಹಲೋ, ಈ ಸಲ ನಾಲಿಗೆ ಕಚ್ಚಿಕೊಳ್ಳಲಿಲ್ಲ. ಮೂರು ದನಿಗಳೂ ಒಮ್ಮೆಗೇ ಆರಿದವು.

ಎರಡಕ್ಕೆ ಯಂತ್ರ ಶುರುವಾಯಿತು. ಬಟ್ಟೆ ಬರತೊಡಗಿತು, ಬಿಡುವಿಲ್ಲ. ಎರಡೂ ನಲವತ್ತಕ್ಕೆ ಅವಳು ಜೊತೆಗಾತಿಯ ಕೈಗೆ ನಾಲ್ಕು ಮೂಲೆಯನ್ನೂ ತುರುಕಿ, "ಹತ್ತು ನಿಮಿಷ" ಎಂದಳು. "ಒಬ್ಬಳೇ ಹ್ಯಾಗೇ ಮಡಚ್ಲಿ?" "ಗೋಡೆಗೆ ಒಂದು ಮೂಲೆ ಕೊಡು." ಕಪಾಟು ತೆಗೆದಳು. ಲಕೋಟೆ ಹಳದಿಯಾಗಿತ್ತು, ಅಂಟು ಒಣಗಿತ್ತು, ವಿಳಾಸದ ಅಕ್ಷರಗಳು ಮೊದಲು ಕಲಿತವರ ಅಕ್ಷರಗಳು, ದಪ್ಪ ದಪ್ಪ, ಒತ್ತಿ ಒತ್ತಿ. ನಿನ್ನೆ ಅಕ್ಕನದೆಂದು ಬರೆದ ಅಕ್ಷರಗಳೂ ಇವೇ ಎಂಬುದನ್ನು ಈಗ ಕಂಡಳು. ಹಳೆಯ ಅಂಚೆಚೀಟಿಯ ಪಕ್ಕದಲ್ಲಿ, ಎಂದೋ ತಂದಿಟ್ಟಿದ್ದ ಹೊಸದೊಂದನ್ನು ಅಂಟಿಸಿದಳು. ಬಟ್ಟೆಯ ಲೆಕ್ಕ ಬರೆಯುವ ಪುಸ್ತಕದಿಂದ ಒಂದು ಖಾಲಿ ಹಾಳೆ ಹರಿದು, ಕಪಾಟಿನ ಬಾಗಿಲಿಗೆ ಒತ್ತಿ ಹಿಡಿದು ಬರೆಯಲು ನಿಂತಳು. ಏಳು ವರ್ಷ ಏನೇನೋ ಬರೆಯಬೇಕೆಂದಿದ್ದಳು: ಅವ್ವನ ಸುದ್ದಿ, ಜ್ವರದ ಸುದ್ದಿ, ತನಗೆಷ್ಟು ಬೇಸರ ಎಂಬ ಸುದ್ದಿ. ಅಕ್ಕ ಇನ್ನೂ ಓದುತ್ತಾಳೋ, ಓದನ್ನು ಆ ಬೆಂಚಿನ ಮೇಲೇ ಬಿಟ್ಟು ಬಂದಳೋ, ಹಾಸ್ಟೆಲಿನ ಹುಡುಗಿ ಯಾರಾದರೂ ಓದಿ ಹೇಳಬೇಕಾಗುತ್ತದೋ? ಇಲ್ಲ, ಅಕ್ಕನೇ ಓದುತ್ತಾಳೆ, ಬೆರಳಿಟ್ಟು. ಬೆರಳು ಜಾರುತ್ತದೆ. ಜಾರಲಿ. ಹಾಳೆಯ ಮೇಲ್ಭಾಗದಲ್ಲಿ ದಪ್ಪಗೆ ಬರೆದಳು: ಅಕ್ಕಾ, ನಗಿಸಿದವಳು ನಾನೇ, ತಪ್ಪಾಯಿತು, ಬಾ. ಅದರ ಕೆಳಗೆ ಎರಡು ಬೆರಳು ಜಾಗ ಬಿಟ್ಟು ಮತ್ತೆ ಅದನ್ನೇ ಬರೆದಳು. ಅದರ ಕೆಳಗೆ ಮತ್ತೆ. ಹಾಳೆ ತುಂಬಿತು. ಇನ್ನು ಬೆರಳು ಎಲ್ಲಿ ಜಾರಿದರೂ, ಮೇಲಕ್ಕೆ ಜಾರಿದರೂ ಕೆಳಕ್ಕೆ ಜಾರಿದರೂ, ಅಕ್ಕನಿಗೆ ಸಿಗುವುದು ಅದೇ ಸಾಲು, ತಪ್ಪಾಗಿ ಓದಲು ಜಾಗವೇ ಇಲ್ಲ.

ಮೆಟ್ಟಿಲ ಬುಡದಲ್ಲಿ ಮೇಲ್ವಿಚಾರಕ ಅಡ್ಡ ಬಂದ. "ಎಲ್ಲಿಗ್ರೀ?" "ಕಾಗದ ಹಾಕೋಕೆ ಸಾರ್." "ಈ ಕಾಲದಲ್ಲಿ ಯಾರ್ರೀ ಕಾಗದ ಹಾಕ್ತಾರೆ, ಫೋನಿಲ್ವಾ?" "ಫೋನಲ್ಲಿ ಬೆರಳಿಟ್ಟು ಓದೋಕಾಗಲ್ಲ ಸಾರ್" ಎಂದವಳೇ ಅವನ ಪಕ್ಕದಿಂದ ಹತ್ತಿದಳು. ಲಾಂಡ್ರಿಯವರು ಹಿಂಬಾಗಿಲಿನಿಂದ ಓಡಾಡಬೇಕು. ಅವಳು ಒದ್ದೆ ಏಪ್ರನ್ನಿನಲ್ಲೇ ಮುಂದಿನ ದೊಡ್ಡ ಹಜಾರಕ್ಕೆ ನುಗ್ಗಿದಳು. ಹೂಗುಚ್ಛ ಹಿಡಿದವರು, ಗಾಲಿಕುರ್ಚಿಯವರು, ಮಗು ಎತ್ತಿಕೊಂಡವರು ದಾರಿ ಬಿಟ್ಟರು. ಹದಿನಾರು ವರ್ಷ ಇವರ ಕೆಳಗೆ ಹಾಸಿದ್ದು ತನ್ನ ಕೈಯ ಬಟ್ಟೆ, ಇವತ್ತು ಮೊದಲ ಸಲ ಇವರ ಮುಖ ನೋಡುತ್ತಿದ್ದೇನೆ ಅನ್ನಿಸಿತು, ಎಲ್ಲ ಮುಖವೂ ಚೆಂದ ಕಂಡಿತು. ಬಿಸಿಲು ಕಣ್ಣಿಗೆ ಹೊಡೆಯಿತು. ಗೇಟಿನ ಬಳಿ ಅಂಚೆಯವನು ಸೈಕಲ್ಲು ನಿಲ್ಲಿಸಿ ಬೀಗದ ಕೈ ಹುಡುಕುತ್ತಿದ್ದ. "ನಿಲ್ಲಿ, ನಿಲ್ಲಿ!" ಎಂದು ಕೂಗಿಕೊಂಡು ಓಡಿದಳು, ಹದಿನಾರು ವರ್ಷದ ಕಾಲುನೋವು ಇದ್ದ ಕಾಲುಗಳು, ಓಡಿದವು.

"ಕೈಗೇ ಕೊಡಿ ಅಮ್ಮ" ಎಂದ ಅವನು.

ಕೊಡಲು ಚಾಚಿದಳು. ಅವನು ಲಕೋಟೆಯ ಆ ಕಡೆ ಹಿಡಿದ, ಈ ಕಡೆ ಅವಳ ಬೆರಳು ಬಿಡಲಿಲ್ಲ. ಹಳದಿ ಕಾಗದ ಇಬ್ಬರ ನಡುವೆ ಒಮ್ಮೆ ಬಿಗಿಯಿತು. ಅವನು ಮುಖ ನೋಡಿ, "ಸಿಕ್ತು ಅಮ್ಮ, ಬಿಡಿ" ಎಂದ.

ಬಿಟ್ಟಳು.